ಘಟ್ಟದಡಿಯ ದೂರುಗಳ ಚರಿತ್ರೆ

ಮಂಗಳೂರಿನಿಂದ ಮಡಿಕೇರಿಗೆ ಸಾಗುವ ಹೆದ್ದಾರಿಯು ಘಟ್ಟವನ್ನೇರಲು ಅಣಿಯಾಗುವೆಡೆಯಲ್ಲಿ, ಅಡಕೆ ತೋಟಗಳ ನಡುವೆ ನೆಲಸಿರುವ ಸಂಪಾಜೆಯಂತಹ ಊರುಗಳಲ್ಲಿ, ಮರವುರುಳಿ ತಂತಿ ಕಡಿಯುವುದು ಮಳೆಗಾಲದ ವಾಡಿಕೆಯೇ ಆಗಿದೆ. 1985ರಲ್ಲಿ ಅಂಚೆಯಿಂದ ಬೇರ್ಪಟ್ಟ ದೂರಸಂಪರ್ಕ ಇಲಾಖೆಯ ಕಾಲದಲ್ಲಿ, 198ಕ್ಕೆ ಕರೆಮಾಡಿ ದೂರು ಬರೆಯಿಸಿದ ಚಂದಾದಾರನು ಕಡೆಗೆ ಏಣಿ ಹೊತ್ತು ಬರುವ ಲೈನ್‌ಮನ್ನನನ್ನೇ ನೆಚ್ಚಬೇಕಾಗಿದ್ದಿತಾದರೂ, ಆತನ ಮುಖಪರಿಚಯವಿತ್ತು; ಜಗಲಿಯಲ್ಲಿ ಕುಳ್ಳಿರಿಸಿ, ಮಜ್ಜಿಗೆಯಿತ್ತು ವಿಚಾರಿಸುವ ಸಲಿಗೆಯಿತ್ತು. 1995ರ ಆಗಸ್ಟ್ 15ರಂದು ಭಾರತದಲ್ಲಿ ಸಾರ್ವಜನಿಕರಿಗೆ ತೆರೆದ ಅಂತರ್ಜಾಲವು ಕ್ರಮೇಣ ಹಳ್ಳಿಗಳನ್ನು ಮುಟ್ಟಿದ ಮೇಲೆ, ದೂರು ಕೇಳುವ ಧ್ವನಿಯು ಅಪರಿಚಿತ ನಗರದ್ದಾಯಿತು: ಕಂಬವೇ ಬಿದ್ದಿದೆಯೆಂದರೂ, ಮೋಡೆಮ್ ಆರಿಸಿ ಮತ್ತೆ ಹಾಕಿರೆಂಬುದೇ ಉತ್ತರ. 2022ರಲ್ಲಿ ಸರ್ವೋಚ್ಚ ನ್ಯಾಯಾಲಯವು, ದೂರಸಂಪರ್ಕ ಸೇವೆಯ ಲೋಪಕ್ಕಾಗಿ ಗ್ರಾಹಕ ವೇದಿಕೆಯನ್ನೂ ಆಶ್ರಯಿಸಬಹುದೆಂದು ತೀರ್ಪಿತ್ತುದರಿಂದ, ಕಿವಿಗೊಡದ ಸೇವಾದಾತನೆದುರು ಚಂದಾದಾರನಿಗೆ ನ್ಯಾಯದ ಬಲವಾದರೂ ದೊರೆತಂತಾಯಿತು.