ಒಬ್ಬರೂ ತಪ್ಪದ ಹಾಗೆ ಎಣಿಸೋದು ಹೇಗೆ? ಮನ್ರೋ ಸರ್ವೆಯಿಂದ ಡಿಬಿಎಂವರೆಗೆ

ಗಾದಿಗನೂರಿನಿಂದ ಮಾತಾಡ್ತಿದ್ದೀನಿ. ನಮ್ಮದು ಹೊಸಪೇಟೆ–ಬಳ್ಳಾರಿ ರೈಲು ದಾರಿಯ ಊರು, ನಡುವೆ ಗೂಡ್ಸ್ ಗಾಡಿ ಸದ್ದು ಕೇಳಿಸಿದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ. ಇವತ್ತಿನ ಪ್ರಶ್ನೆ ಇದು: ದೊಡ್ಡದೊಂದು ಪಟ್ಟಿಯನ್ನ ಒಬ್ಬರ ಹೆಸರೂ ತಪ್ಪದ ಹಾಗೆ ನೋಡಿ ಮುಗಿಸೋದು ಹೇಗೆ?

1800ರಲ್ಲಿ ನಿಜಾಮರು ಬಳ್ಳಾರಿ ಸೀಮೆಯನ್ನ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. 1807ರವರೆಗೆ ಇಲ್ಲಿ ಪ್ರಧಾನ ಕಲೆಕ್ಟರ್ ಆಗಿದ್ದವರು ಥಾಮಸ್ ಮನ್ರೋ. ಹೊಲ ಹೊಲವನ್ನೂ ಅಳೆಸಿ, ಯಾವ ರೈತನದ್ದು, ಎಷ್ಟು ಕಂದಾಯ ಅಂತ ಬರೆಸಿದರು. ಅದೇ ರೈತವಾರಿ ಪದ್ಧತಿಯ ಬುನಾದಿ. ಪಕ್ಕದ ಸಂಡೂರು ಆಗ ಬೇರೆಯದೇ ಸಂಸ್ಥಾನ. ಈ ಅಳತೆಯಲ್ಲಿ ಒಂದು ಅನುಕೂಲ ಇತ್ತು. ಹೊಲ ಎದ್ದು ಓಡಾಡಲ್ಲ. ಒಂದರ ಪಕ್ಕ ಇನ್ನೊಂದು ಅಂತ ನಡೀತಾ ಹೋದರೆ ಊರು ಮುಗಿಯುತ್ತೆ.

ಕಂಪ್ಯೂಟರ್‌ನಲ್ಲಿ ಅಷ್ಟು ಸುಲಭ ಇಲ್ಲ. 1979ರಲ್ಲಿ ಬೆಲ್ ಲ್ಯಾಬ್ಸ್‌ನ ಯುನಿಕ್ಸ್ ಏಳನೇ ಆವೃತ್ತಿ ಜೊತೆ ಡಿಬಿಎಂ ಅನ್ನೋ ಪುಟ್ಟ ಲೈಬ್ರರಿ ಬಂತು. ಬರೆದವರು ಕೆನ್ ಥಾಂಪ್ಸನ್. ನೀವು ಒಂದು ಹೆಸರು, ಅಂದರೆ ಕೀ ಕೊಡ್ತೀರಿ. ಅದನ್ನ ಲೆಕ್ಕ ಹಾಕಿ ಒಂದು ಸಂಖ್ಯೆ ಮಾಡ್ತಾರೆ, ಅದೇ ಹ್ಯಾಶ್. ಆ ಸಂಖ್ಯೆ ಡಿಸ್ಕ್‌ನ ಯಾವ ಪುಟದಲ್ಲಿ ದಾಖಲೆ ಇದೆ ಅಂತ ಹೇಳುತ್ತೆ. ಎಷ್ಟೇ ದೊಡ್ಡ ಫೈಲ್ ಆದರೂ ಒಂದೆರಡು ಸಲ ಡಿಸ್ಕ್ ಮುಟ್ಟಿದರೆ ಸಾಕು. ನಾನು ಬಿ.ಕಾಂ. ಓದಿದವನು, ನನಗಿದು ಲೆಡ್ಜರ್‌ನ ಫೋಲಿಯೋ ನಂಬರ್ ಥರ ಕಾಣ್ಸುತ್ತೆ.

ಆದರೆ ಎಲ್ಲ ದಾಖಲೆಗಳನ್ನೂ ನೋಡಬೇಕಾದ್ರೆ? ಅದಕ್ಕೆ ಸಿ ಭಾಷೆಯಲ್ಲಿ ಎರಡು ಫಂಕ್ಷನ್ ಇಟ್ಟರು. ಫಸ್ಟ್‌ಕೀ ಮೊದಲ ಕೀ ಕೊಡುತ್ತೆ. ಕೈಯಲ್ಲಿರೋ ಕೀಯನ್ನ ನೆಕ್ಸ್ಟ್‌ಕೀಗೆ ಕೊಟ್ಟರೆ ಮುಂದಿನದು ಸಿಗುತ್ತೆ. ಖಾಲಿ ಉತ್ತರ ಬಂದಾಗ ಪಟ್ಟಿ ಮುಗೀತು. ಬರೋ ಕ್ರಮ ಮಾತ್ರ ಅಕಾರಾದಿ ಅಲ್ಲ, ಹ್ಯಾಶ್‌ನ ಕ್ರಮ. ಅಂಜಿನಪ್ಪನ ನಂತರ ಹನುಮಕ್ಕ, ಆಮೇಲೆ ಬಸವರಾಜ ಬರಬಹುದು. ಮುಂದೆ 1986ರ ಎನ್‌ಡಿಬಿಎಂ, 1990ರ ಜಿಡಿಬಿಎಂ ಕೂಡ ಇದೇ ದಾರಿ ಹಿಡಿದವು.

ಅಪಾಯ ಇರೋದು ಇಲ್ಲೇ. ಬಸ್ಸಲ್ಲಿ ಕಂಡಕ್ಟರ್ ಮುಂದಿನ ಸೀಟಿಂದ ಹಿಂದಕ್ಕೆ ಟಿಕೆಟ್ ಕೊಡ್ತಾ ಬರ್ತಿದ್ದಾನೆ ಅಂದ್ಕೊಳ್ಳಿ. ಮುಂದೆ ಒಬ್ಬರು ಇಳಿದರು. ಹಿಂದೆ ಕೂತಿದ್ದ ಅಜ್ಜಿ ಎದ್ದು ಬಂದು ಆ ಸೀಟಲ್ಲಿ ಕೂತರು. ಕಂಡಕ್ಟರ್ ಆ ಸೀಟು ಆಗಲೇ ದಾಟಿದ್ದಾನೆ. ಅಜ್ಜಿ ಲೆಕ್ಕಕ್ಕೇ ಸಿಗಲಿಲ್ಲ. ಜಿಡಿಬಿಎಂನಲ್ಲೂ ಹೀಗೇ. ಸುತ್ತು ನಡೀತಿರುವಾಗಲೇ ದಾಖಲೆ ಅಳಿಸಿದರೆ ಉಳಿದವು ಜಾಗ ಬದಲಿಸುತ್ತವೆ, ಕೆಲವು ಕಣ್ಣಿಗೇ ಬೀಳಲ್ಲ. ಅದರ ಕೈಪಿಡಿಯೇ ಈ ಎಚ್ಚರಿಕೆ ಕೊಡುತ್ತೆ. ಕೆಟ್ಟದ್ದೇನಂದ್ರೆ, ಪ್ರೋಗ್ರಾಂ ಯಾವ ಎರರ್ ಕೂಡ ತೋರಿಸಲ್ಲ. ಪರಿಹಾರ ಸರಳ: ಮೊದಲ ಸುತ್ತಲ್ಲಿ ಕೀಗಳನ್ನ ಬರೆದುಕೊಳ್ಳೋದು, ಆಮೇಲೆ ಆ ಪಟ್ಟಿ ಹಿಡಿದು ಅಳಿಸೋದು.

ಇದು ನಮಗ್ಯಾಕೆ ಅಂತೀರಾ? 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ಕರ್ನಾಟಕದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಅದು ಡಿಬಿಎಂ ಅಲ್ಲ, ಬೇರೆ ಥರದ ಡೇಟಾಬೇಸ್. ಆದರೂ ಪ್ರಶ್ನೆ ಅದೇ. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ ಈ ಕಡೆ ಬಂತು, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಇಂಥ ಹೊತ್ತಲ್ಲಿ ದಾಖಲೆಗಳ ವಿಳಾಸ ಬದಲಾಗುತ್ತೆ. ಹೊಲ ನಿಂತಲ್ಲೇ ಇರುತ್ತೆ, ಅದರ ಹೆಸರು ಮಾತ್ರ ಫೈಲಿಂದ ಫೈಲಿಗೆ ಓಡಾಡುತ್ತೆ. ಪಟ್ಟಿಯಲ್ಲಿ ತಪ್ಪಿದ ಒಂದು ಹೆಸರು ಅಂದರೆ ಒಂದು ಮನೆಯ ಬೆಳೆ ಸಾಲ, ಒಬ್ಬ ಅಜ್ಜಿಯ ಪಿಂಚಣಿ.

ಅದಕ್ಕೇ, ‘ಲಿಸ್ಟ್‌ನಲ್ಲಿ ನಿಮ್ಮ ಹೆಸರಿಲ್ಲ’ ಅಂತ ಯಾರಾದ್ರೂ ಅಂದ್ರೆ ಸುಮ್ಮನೆ ವಾಪಸ್ ಬರಬೇಡಿ. ‘ಒಟ್ಟು ಎಷ್ಟಿದ್ವು, ಎಷ್ಟು ನೋಡಿದ್ರಿ?’ ಅಂತ ಕೇಳಿ. ಎರಡೂ ತಾಳೆಯಾಗಬೇಕು. ಮುಂದಿನ ಸಂಚಿಕೆಯಲ್ಲಿ ಸಿಗೋಣ.