ವಿದ್ಯಾರ್ಥಿ ಸಾಲದ ವಂಚನೆ ತಡೆ: ಇಂಗ್ಲೆಂಡಿನಲ್ಲಿ ಹೊಣೆಯ ಹಂಚಿಕೆ

ಓದುವ ಉದ್ದೇಶವಿಲ್ಲದೆ ಕಾಲೇಜಿಗೆ ಹೆಸರು ನೋಂದಾಯಿಸಿ ಸರ್ಕಾರಿ ಸಾಲ ಪಡೆಯುವುದು ವಿದ್ಯಾರ್ಥಿ ಸಾಲದ ವಂಚನೆಯ ಒಂದು ಮುಖ್ಯ ರೂಪ. ಇಂಗ್ಲೆಂಡಿನಲ್ಲಿ ಇದನ್ನು ತಡೆಯುವ ಹೊಣೆ ಮುಖ್ಯವಾಗಿ ಮೂರು ಸಾರ್ವಜನಿಕ ಸಂಸ್ಥೆಗಳದು. ನೀತಿ ರೂಪಿಸಿ ಹಣ ಒದಗಿಸುವುದು ಶಿಕ್ಷಣ ಇಲಾಖೆ. ಅರ್ಜಿ ಪರಿಶೀಲಿಸಿ ಸಾಲ ಪಾವತಿಸುವುದು ಗ್ಲಾಸ್ಗೋದಲ್ಲಿ ಕೇಂದ್ರ ಕಚೇರಿಯಿರುವ ಸ್ಟೂಡೆಂಟ್ ಲೋನ್ಸ್ ಕಂಪನಿ. ಉನ್ನತ ಶಿಕ್ಷಣ ಸಂಸ್ಥೆಗಳನ್ನು ನಿಯಂತ್ರಿಸುವುದು 2017ರ ಕಾಯ್ದೆಯಡಿ ಹುಟ್ಟಿ 2018ರಲ್ಲಿ ಕೆಲಸ ಆರಂಭಿಸಿದ ಆಫೀಸ್ ಫಾರ್ ಸ್ಟೂಡೆಂಟ್ಸ್.

ಬೋಧನಾ ಶುಲ್ಕದ ಸಾಲ ವಿದ್ಯಾರ್ಥಿಯ ಕೈಗೆ ಬರುವುದಿಲ್ಲ. ಅದು ನೇರವಾಗಿ ವಿಶ್ವವಿದ್ಯಾಲಯಕ್ಕೆ ಶೇ. 25, 25 ಮತ್ತು 50ರಂತೆ ಮೂರು ಕಂತುಗಳಲ್ಲಿ ಹೋಗುತ್ತದೆ. ಜೀವನ ನಿರ್ವಹಣೆಯ ಸಾಲ ಮಾತ್ರ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಜಮಾ ಆಗುತ್ತದೆ. ವಿದ್ಯಾರ್ಥಿ ತರಗತಿಗೆ ಬರುತ್ತಿದ್ದಾನೆ ಎಂದು ಶಿಕ್ಷಣ ಸಂಸ್ಥೆ ದೃಢೀಕರಿಸಿದರೆ ಹಣ ಬಿಡುಗಡೆ. ಇಡೀ ವ್ಯವಸ್ಥೆ ನಿಂತಿರುವುದು ಈ ಹಾಜರಿಯ ಮೇಲೆ.

ಹಾಜರಿ ಎಂದರೇನು?

ಇದಕ್ಕೆ ಕಾನೂನಿನಲ್ಲಾಗಲಿ ರೂಢಿಯಲ್ಲಾಗಲಿ ಎಲ್ಲರೂ ಒಪ್ಪುವ ವ್ಯಾಖ್ಯೆ ಇಲ್ಲವೆಂದು ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2024ರ ಜನವರಿಯ ವರದಿಯಲ್ಲಿ ಹೇಳಿತು. ವರದಿಯ ವಿಷಯ ಫ್ರಾಂಚೈಸಿ ಕಾಲೇಜುಗಳು. ಇಲ್ಲಿ ವಿದ್ಯಾರ್ಥಿಯ ಹೆಸರು ವಿಶ್ವವಿದ್ಯಾಲಯದ ಪಟ್ಟಿಯಲ್ಲಿರುತ್ತದೆ, ಪಾಠ ನಡೆಯುವುದು ಒಪ್ಪಂದ ಮಾಡಿಕೊಂಡ ಬೇರೊಂದು ಕಾಲೇಜಿನಲ್ಲಿ. ಶುಲ್ಕದ ಒಂದು ಪಾಲನ್ನು ಇಟ್ಟುಕೊಂಡು ವಿಶ್ವವಿದ್ಯಾಲಯ ಉಳಿದದ್ದನ್ನು ಕಾಲೇಜಿಗೆ ದಾಟಿಸುತ್ತದೆ. ದಾಖಲಾತಿ ಹೆಚ್ಚಿದಷ್ಟೂ ಇಬ್ಬರಿಗೂ ಆದಾಯ. ಇಂಥ ಕಾಲೇಜುಗಳ ವಿದ್ಯಾರ್ಥಿಗಳ ಸಂಖ್ಯೆ 2018-19ರಲ್ಲಿ 50,440 ಇದ್ದದ್ದು 2021-22ರಲ್ಲಿ 1,08,600ಕ್ಕೆ ಏರಿತು. ಸಾಲ ಪಡೆದವರಲ್ಲಿ ಇವರ ಪಾಲು ಶೇ. 6.5 ಮಾತ್ರ. ಆದರೆ 2022-23ರಲ್ಲಿ ಕಂಪನಿ ಪತ್ತೆ ಮಾಡಿದ 41 ಲಕ್ಷ ಪೌಂಡ್ ವಂಚನೆಯಲ್ಲಿ ಶೇ. 53 ಇಲ್ಲಿಯದೇ. ಅನುಮಾನಕ್ಕೆ ಎಡೆಮಾಡಿದ 3,563 ಅರ್ಜಿಗಳಿಗೆ ಸಂಬಂಧಿಸಿದ ಮೊತ್ತ ಇನ್ನೂ ದೊಡ್ಡದು: 5.98 ಕೋಟಿ ಪೌಂಡ್.

ಲೋಪದ ಮೂಲ ಹೊಣೆಯ ಹಂಚಿಕೆಯಲ್ಲೇ ಇದೆ. ಕಂಪನಿಗೆ ಅರ್ಜಿ ಕಾಣುತ್ತದೆ, ತರಗತಿ ಕಾಣುವುದಿಲ್ಲ. ತರಗತಿ ಕಾಣುವ ಕಾಲೇಜಿಗೆ ದಾಖಲಾತಿ ಉಳಿಸಿಕೊಳ್ಳುವುದೇ ಲಾಭ. ಫ್ರಾಂಚೈಸಿ ಕಾಲೇಜುಗಳಲ್ಲಿ ಬಹುಪಾಲು ನಿಯಂತ್ರಕರಲ್ಲಿ ನೇರವಾಗಿ ನೋಂದಣಿಯೇ ಆಗಿರಲಿಲ್ಲ. ಅವುಗಳ ಮೇಲ್ವಿಚಾರಣೆಯನ್ನು ವಿಶ್ವವಿದ್ಯಾಲಯಗಳಿಗೆ ಬಿಡಲಾಗಿತ್ತು.

ಎಚ್ಚರಿಕೆ ಹೊಸದೇನಲ್ಲ. ಖಾಸಗಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಹೋಗುವ ಸಾರ್ವಜನಿಕ ಹಣ 2010-11ರ ಸುಮಾರು 5 ಕೋಟಿ ಪೌಂಡಿನಿಂದ ಮೂರೇ ವರ್ಷಗಳಲ್ಲಿ ಸುಮಾರು 67.5 ಕೋಟಿಗೆ ಜಿಗಿದಾಗ, ಅದೇ ಲೆಕ್ಕಪರಿಶೋಧನಾ ಕಚೇರಿ 2014ರಲ್ಲಿ ಮೇಲ್ವಿಚಾರಣೆಯ ಕೊರತೆಯನ್ನು ಬೊಟ್ಟು ಮಾಡಿ ತೋರಿಸಿತ್ತು. ಹತ್ತು ವರ್ಷಗಳ ನಂತರವೂ ಅದೇ ದೂರು ಮರುಕಳಿಸಿದ್ದು ಆಡಳಿತದ ಗಂಭೀರ ವೈಫಲ್ಯ.

300 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಫ್ರಾಂಚೈಸಿ ಕಾಲೇಜುಗಳು ಸಾಲ ಸೌಲಭ್ಯ ಬೇಕಿದ್ದರೆ ನಿಯಂತ್ರಕರಲ್ಲಿ ನೋಂದಾಯಿಸಿಕೊಳ್ಳಬೇಕೆಂದು ಸರ್ಕಾರ 2025ರ ಜನವರಿಯಲ್ಲಿ ಪ್ರಸ್ತಾಪಿಸಿತು. ಮಾರ್ಚ್‌ನಲ್ಲಿ ಶಿಕ್ಷಣ ಸಚಿವೆ ಬ್ರಿಜೆಟ್ ಫಿಲಿಪ್ಸನ್, ಮೇಲೆ ಹೇಳಿದ ಮೂರು ಸಾರ್ವಜನಿಕ ಸಂಸ್ಥೆಗಳ ಕ್ರಮಗಳನ್ನು ಒಗ್ಗೂಡಿಸುವ ಕೆಲಸವನ್ನು 2022ರಲ್ಲಿ ಸ್ಥಾಪನೆಯಾದ ಪಬ್ಲಿಕ್ ಸೆಕ್ಟರ್ ಫ್ರಾಡ್ ಅಥಾರಿಟಿಗೆ ವಹಿಸಿದರು.