ಕುಷ್ಠರೋಗವೂ ಮುಖಾಸ್ಥಿಗಳ ಸಾಕ್ಷ್ಯವೂ

ಪ್ರಾಚೀನ ಗ್ರಂಥಗಳಲ್ಲಿ ‘ಕುಷ್ಠ’ವೆಂಬ ಶಬ್ದವನ್ನು ಕಂಡೊಡನೆಯೇ ಅದನ್ನು ಇಂದಿನ ಕುಷ್ಠರೋಗವೆಂದು ಅರ್ಥಮಾಡುವುದು ವಾಡಿಕೆಯಾಗಿದೆ. ಆದರೆ ಆಯುರ್ವೇದದಲ್ಲಿ ಆ ಶಬ್ದದ ವ್ಯಾಪ್ತಿ ಬಹು ವಿಶಾಲವಾದುದು. ಮಹಾಕುಷ್ಠಗಳು ೭, ಕ್ಷುದ್ರಕುಷ್ಠಗಳು ೧೧, ಒಟ್ಟು ೧೮ ಬಗೆ. ಗಜಕರ್ಣ, ಕಜ್ಜಿಗಳಂತಹ ಸಾಮಾನ್ಯ ಚರ್ಮವ್ಯಾಧಿಗಳೂ ಈ ಗಣನೆಯಲ್ಲಿ ಅಡಗಿವೆ. ಗ್ರೀಕರ ‘ಲೆಪ್ರ’ ಶಬ್ದವೂ ಮೊದಲು ಹೊಟ್ಟೇಳುವ ಚರ್ಮರೋಗಕ್ಕೆ ಸಲ್ಲುತ್ತಿದ್ದಿತು. ಆದುದರಿಂದ ಶಬ್ದವೊಂದನ್ನೇ ನೆಚ್ಚಿ ಈ ರೋಗದ ಚರಿತ್ರೆಯನ್ನು ಬರೆಯುವುದು ಸಾಧುವಲ್ಲ. ಶಬ್ದವು ಸಂದಿಗ್ಧವಾದೆಡೆಯಲ್ಲಿ ಅಸ್ಥಿಯು ಸಾಕ್ಷಿ ನುಡಿಯಬಲ್ಲುದೆಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

ನಾರ್ವೆಯ ಹ್ಯಾನ್ಸನ್ ಎಂಬ ವೈದ್ಯನು ೧೮೭೩ರಲ್ಲಿ ಕಂಡುಹಿಡಿದ ಕುಷ್ಠಾಣುವು ದೇಹದ ತಂಪಾದ ಭಾಗಗಳಲ್ಲಿಯೇ ಹೆಚ್ಚಾಗಿ ಬೆಳೆಯುತ್ತದೆ. ಉಸಿರಾಟದ ಗಾಳಿಯಿಂದ ಸದಾ ತಣ್ಣಗಿರುವ ಮೂಗಿನ ಒಳಪೊರೆ ಅದಕ್ಕೆ ಅನುಕೂಲವಾದ ನೆಲೆ. ಅಲ್ಲಿ ಬಹುಕಾಲ ನಿಂತ ಉರಿಯೂತದಿಂದ ಮೂಗಿನ ಬುಡದಲ್ಲಿ ಮುಂಚಾಚಿರುವ ಮುಳ್ಳಿನಂತಹ ಎಲುಬು ಸವೆದು ಅಳಿಯುತ್ತದೆ. ನಾಸಾರಂಧ್ರದ ಹರಿತವಾದ ಅಂಚು ಮೊಂಡಾಗಿ ಅಗಲವಾಗುತ್ತದೆ. ಮೇಲ್ದವಡೆಯಲ್ಲಿ ಮುಂಬಲ್ಲುಗಳನ್ನು ಹಿಡಿದಿರುವ ಎಲುಬು ಕರಗಿ ಹಲ್ಲುಗಳು ಸಡಿಲಿ ಬೀಳುತ್ತವೆ. ಅಂಗುಳಿನ ಎಲುಬಿನಲ್ಲಿ ಸಣ್ಣ ಸಣ್ಣ ಕುಳಿಗಳು ಮೂಡಿ, ಕೆಲವೊಮ್ಮೆ ತೂತೇ ಬೀಳುತ್ತದೆ. ಮೃದ್ವಸ್ಥಿಯೂ ನಾಶವಾದಾಗ ಮೂಗು ಕುಸಿಯುತ್ತದೆ. ಫಿರಂಗರೋಗವೂ ಮೂಗನ್ನು ಕೆಡಿಸುವುದುಂಟು. ಆದರೆ ಅದು ತಲೆಬುರುಡೆಯ ಮೇಲ್ಭಾಗವನ್ನೂ ಕೊರೆಯುವುದರಿಂದ ಎರಡನ್ನೂ ಬೇರ್ಪಡಿಸಿ ಗುರುತಿಸಲು ಸಾಧ್ಯವಾಗುತ್ತದೆ.

ಈ ಲಕ್ಷಣಗಳನ್ನು ಒಟ್ಟುಗೂಡಿಸಿ ನಿರೂಪಿಸಿದ ಕೀರ್ತಿ ಡೆನ್ಮಾರ್ಕಿನ ವೈದ್ಯ ವಿಲ್ಹೆಲ್ಮ್ ಮ್ಯೋಲರ್-ಕ್ರಿಸ್ಟೆನ್ಸನ್ನರಿಗೆ ಸಲ್ಲುತ್ತದೆ. ಮಧ್ಯಯುಗದಲ್ಲಿ ನೇಸ್ಟ್‌ವೆಡ್ ಎಂಬಲ್ಲಿದ್ದ ಕುಷ್ಠರೋಗಿಗಳ ಆಶ್ರಮದ ಸ್ಮಶಾನವನ್ನು ಅವರು ೧೯೪೮ರಿಂದ ಅಗೆಯಿಸಿದರು. ಅಲ್ಲಿಯ ಅಸ್ಥಿಗಳ ಪರಿಶೀಲನೆಯ ಫಲವನ್ನು ೧೯೬೧ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಬಹುಮಂದಿಯ ಎಲುಬುಗಳಲ್ಲಿ ಈ ರೋಗದ ಗುರುತುಗಳು ಸ್ಪಷ್ಟವಾಗಿಯೇ ದೊರೆತವು. ಮಧ್ಯಯುಗದವರು ಸಿಕ್ಕಸಿಕ್ಕ ಚರ್ಮರೋಗಿಗಳನ್ನೆಲ್ಲ ಕುಷ್ಠಿಗಳೆಂದು ಊರ ಹೊರಗೆ ತಳ್ಳುತ್ತಿದ್ದರೆಂಬ ಅಭಿಪ್ರಾಯವು ಆ ಆಶ್ರಮದ ಮಟ್ಟಿಗಾದರೂ ನಿಲ್ಲದಾಯಿತು.

ನಮ್ಮ ದೇಶದ ಸಾಕ್ಷ್ಯವು ಇದಕ್ಕಿಂತಲೂ ಬಹು ಪ್ರಾಚೀನವಾದುದು. ರಾಜಸ್ಥಾನದ ಉದಯಪುರದ ಸಮೀಪದ ಬಾಲಾಥಲ್ ಎಂಬಲ್ಲಿ ದೊರೆತ, ಕ್ರಿಸ್ತಪೂರ್ವ ಸುಮಾರು ೨೦೦೦ದ ಕಾಲದ, ನಡುವಯಸ್ಸಿನ ಪುರುಷನೊಬ್ಬನ ಅಸ್ಥಿಪಂಜರದಲ್ಲಿ ನಾಸಾರಂಧ್ರದ ಅಂಚೂ ಮೇಲ್ದವಡೆಯೂ ಸವೆದಿರುವುದನ್ನು ವಿದ್ವಾಂಸರು ೨೦೦೯ರಲ್ಲಿ ಪ್ರಕಟಪಡಿಸಿದರು. ಅವನನ್ನು ಹೂಳಿದ್ದುದು ಕಲ್ಲಿನ ಆವರಣದೊಳಗೆ, ಸುಟ್ಟ ಸಗಣಿಯ ಬೂದಿಯ ನಡುವೆ.

ಈಗ ಸುಶ್ರುತಸಂಹಿತೆಯ ನಿದಾನಸ್ಥಾನವನ್ನು ಮತ್ತೆ ತೆರೆದು ನೋಡಬೇಕು. ಕುಷ್ಠವು ಅಸ್ಥಿಮಜ್ಜೆಗಳನ್ನು ಹೊಕ್ಕಾಗ ನಾಸಾಭಂಗವೂ ಕಣ್ಣು ಕೆಂಪಾಗುವುದೂ ಸ್ವರ ಕೆಡುವುದೂ ಆಗುವುವೆಂದು ಅಲ್ಲಿ ಹೇಳಿದೆ. ಹದಿನೆಂಟು ಬಗೆಗಳ ಗೊಂದಲದ ನಡುವೆಯೂ, ಇಂದು ನಾವು ಕುಷ್ಠವೆನ್ನುವ ರೋಗವನ್ನು ಆ ಶಾಸ್ತ್ರಕಾರನು ಕಣ್ಣಾರೆ ಕಂಡಿದ್ದನೆಂದು ನಂಬಲು ಈ ಮಾತು ಬಲವಾದ ಆಧಾರ. ರೋಗವು ಎಲುಬನ್ನು ಮುಟ್ಟುತ್ತದೆಂಬ ತಿಳಿವೂ ಅದರಲ್ಲಿದೆ.

ಆದರೂ ಒಂದು ಎಚ್ಚರಿಕೆ ಅವಶ್ಯಕ. ರೋಗವು ತೀವ್ರವಾದ ರೂಪದಲ್ಲಿ ಬಹುಕಾಲ ನಿಂತವರ ಮುಖಾಸ್ಥಿಗಳು ಮಾತ್ರ ಹೀಗೆ ಕೆಡುತ್ತವೆ. ಸೌಮ್ಯರೂಪದ ರೋಗವು ಅಲ್ಲಿ ಗುರುತನ್ನೇ ಉಳಿಸದಿರಬಹುದು. ಎಂದಮೇಲೆ ಅಸ್ಥಿಯಲ್ಲಿ ಕಾಣದ ಮಾತ್ರಕ್ಕೆ ರೋಗವಿರಲಿಲ್ಲವೆನ್ನಲಾಗದು. ಗ್ರಂಥದಲ್ಲಿ ‘ಕುಷ್ಠಿ’ ಎಂದು ಬರೆದ ಮಾತ್ರಕ್ಕೆ ಇದೇ ರೋಗವಿದ್ದಿತೆಂದೂ ಹೇಳಲಾಗದು. ಇಂದು ಔಷಧದಿಂದ ಸಂಪೂರ್ಣವಾಗಿ ಗುಣವಾಗುವ ಈ ರೋಗದ ಹೆಸರು ಒಂದು ಕಾಲದಲ್ಲಿ ಮನುಷ್ಯನನ್ನು ಮನೆಯಿಂದಲೂ ಊರಿನಿಂದಲೂ ಅಗಲಿಸುತ್ತಿದ್ದಿತು. ಕಾವ್ಯಪುರಾಣಗಳಲ್ಲಿ ಆ ಶಬ್ದಕ್ಕೆ ಅರ್ಥ ಹೇಳುವ ಅಧ್ಯಾಪಕರು ಇದನ್ನು ನೆನೆದು, ಸಂದರ್ಭವನ್ನು ತೂಗಿನೋಡಿಯೇ ಹೇಳುವುದು ಯುಕ್ತ.